ಒಂದು ರೂಪಾಯಿಯ ಮುಸ್ತಫಾ

ಕಳೆದ ಕಾಮರ್ಸ್ ಫೆಸ್ಟ್‌ನಲ್ಲಿ ಮೊಬೈಲ್ ಗೇಮಿಂಗ್ ಸ್ಪರ್ಧೆ ಇತ್ತಲ್ಲ, ಅದಕ್ಕೆ ನಾನು ವಾಲಂಟಿಯರ್ ಆಗಿದ್ದೆ. ದೊಡ್ಡ ಕೆಲಸ ಏನಲ್ಲ. ನೀರಿನ ಬಾಟಲಿ ಹಂಚುವುದು, ಚಾರ್ಜರ್ ವೈರಿಗೆ ಯಾರೂ ಎಡವದ ಹಾಗೆ ನೋಡಿಕೊಳ್ಳುವುದು. ನಾಲ್ಕು ನಾಲ್ಕು ಹುಡುಗರ ಹನ್ನೊಂದು ತಂಡಗಳಿದ್ದವು. ಎಲ್ಲರ ಕಿವಿಯಲ್ಲೂ ಇಯರ್‌ಫೋನ್, ಎಲ್ಲರ ತಲೆಯೂ ಕೆಳಗೆ. ನಲವತ್ತನಾಲ್ಕು ಜನ ಆಟವಾಡುತ್ತಿದ್ದ ಹಾಲ್‌ನಲ್ಲಿ ಫ್ಯಾನ್ ತಿರುಗುವ ಶಬ್ದ ಕೇಳಿಸುತ್ತಿತ್ತು. ನೋಡಲು ಬಂದವರಿಗೆ ನೋಡಲು ಏನೂ ಇರಲಿಲ್ಲ. ಐದು ನಿಮಿಷ ನಿಂತರು, ಹೋದರು.

ಹುಡುಗಿಯರ ಒಂದು ತಂಡವೂ ಇರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ, ಪೋಸ್ಟರ್‌ನಲ್ಲೂ ಹಾಗೆ ಬರೆದಿರಲಿಲ್ಲ. ಅದೇ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಮೆಹಂದಿ ಮತ್ತು ಫೈರ್‌ಲೆಸ್ ಕುಕಿಂಗ್ ಇಟ್ಟಿದ್ದರು, ಅಷ್ಟೇ.

ಸಂಜೆ ಮನೆಯಲ್ಲಿ ಇದನ್ನು ಹೇಳಿದೆ. ಮಾಮೂ ಬಂದಿದ್ದರು. ಚಹಾದ ಕಪ್ ಕೆಳಗಿಟ್ಟು, “ಅದೂ ಒಂದು ಗೇಮಾ? ಗೇಮ್ ಅಂದರೆ ಮುಸ್ತಫಾ” ಎಂದರು. ಆಮೇಲೆ ಒಂದು ಗಂಟೆ ಅವರನ್ನು ನಿಲ್ಲಿಸಲು ಆಗಲಿಲ್ಲ.

ಈ ಮುಸ್ತಫಾ ಯಾರು ಎಂದು ನಿಮ್ಮ ಮನೆಯಲ್ಲಿ ನಲವತ್ತು ದಾಟಿದ ಯಾವ ಗಂಡಸನ್ನಾದರೂ ಕೇಳಿ ನೋಡಿ, ಅವರ ಮುಖ ಬದಲಾಗುತ್ತದೆ. ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಅಮೆರಿಕದ ಮಾರ್ಕ್ ಶುಲ್ಟ್ಜ್ ಎಂಬುವರ ‘ಜೆನೊಜೋಯಿಕ್ ಟೇಲ್ಸ್’ ಎಂಬ ಕಾಮಿಕ್ಸ್ ಆಧರಿಸಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಮಾಡಿದ್ದು. ಅದರಲ್ಲಿ ಆಡಲು ನಾಲ್ಕು ಪಾತ್ರಗಳಿವೆ. ಕಥೆಯ ನಾಯಕ ಜ್ಯಾಕ್, ಆಮೇಲೆ ಹ್ಯಾನಾ ಎಂಬ ಹೆಂಗಸು, ಮೆಸ್ ಎಂಬ ದೈತ್ಯ, ಮತ್ತು ಟೋಪಿ ಹಾಕಿದ ಮುಸ್ತಫಾ ಕೈರೋ. ನಾಯಕನನ್ನು ನಮ್ಮ ದೇಶದಲ್ಲಿ ಯಾರೂ ಕೇಳಲಿಲ್ಲ. ನಾಲ್ವರಲ್ಲಿ ವೇಗ ಹೆಚ್ಚು ಇದ್ದದ್ದು ಮುಸ್ತಫಾನಿಗೆ, ಓಡಿ ಬಂದು ಹಾರಿ ಒದೆಯುವ ಅವನ ಒದೆತಕ್ಕೆ ಸಾಟಿಯೇ ಇರಲಿಲ್ಲ. ಹಾಗಾಗಿ ಇಡೀ ಆಟಕ್ಕೇ ಅವನ ಹೆಸರು ಬಿತ್ತು. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಏನೇ ಇರಲಿ, ಅಂಗಡಿಗೆ ಬಂದವರು ಕೇಳುತ್ತಿದ್ದದ್ದು “ಮುಸ್ತಫಾ ಖಾಲಿ ಇದೆಯಾ?” ಎಂದು. ಮಾಮೂ ಹೇಳುವ ಪ್ರಕಾರ ಅವರ ಅಂಗಡಿಯಲ್ಲಿ ಮಂಜನೂ ಮುಸ್ತಫಾನೇ, ಬಸವರಾಜನೂ ಮುಸ್ತಫಾನೇ. ಜಾಯ್‌ಸ್ಟಿಕ್ ಹಿಡಿಯುವ ಮೊದಲು “ನಾನು ಮುಸ್ತಫಾ” ಎಂದು ಯಾರು ಮೊದಲು ಕೂಗಿದರೋ ಅವರಿಗೆ ಅವನು. ಅಮೆರಿಕದವರು ಬರೆದು, ಜಪಾನಿನವರು ಮಾಡಿದ ಆಟದಲ್ಲಿ ನಮ್ಮ ಮೊಹಲ್ಲಾದ ಹೆಸರು ದಾವಣಗೆರೆಯ ಎಲ್ಲ ಹುಡುಗರಿಗೂ ಬೇಕಾಗಿತ್ತು ಎನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಅಂಗಡಿ ಪಿ.ಬಿ. ರಸ್ತೆಯ ಕಡೆಯ ಒಂದು ಓಣಿಯಲ್ಲಿತ್ತಂತೆ. ಒಂದು ಶಟರಿನ ಮಳಿಗೆ, ಒಳಗೆ ಐದು ಪೆಟ್ಟಿಗೆ, ಕಿಟಕಿ ಇಲ್ಲ, ಬಾಗಿಲಿಗೆ ಹಸಿರು ಪರದೆ. ಒಂದು ಆಟಕ್ಕೆ ಒಂದು ರೂಪಾಯಿ. ಮುಂದಿನ ಪಾಳಿ ಬೇಕಾದವರು ತಮ್ಮ ನಾಣ್ಯವನ್ನು ಪರದೆಯ ಗಾಜಿನ ಕೆಳಗಿನ ಅಂಚಿನಲ್ಲಿ ಇಡಬೇಕು. ನಾಣ್ಯಗಳ ಸಾಲೇ ಕ್ಯೂ. ಯಾರ ನಾಣ್ಯ ಯಾವುದು ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು, ಕದಿಯುತ್ತಿರಲಿಲ್ಲ. ನಾನಾ ಮಗ್ರಿಬ್ ನಮಾಜ್ ಮುಗಿಸಿ ಬರುವಾಗ ಪರದೆಯ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದರಂತೆ. ಅಷ್ಟೇ. ಮಾಮೂ ಆಟವನ್ನು ಅಲ್ಲೇ ಬಿಟ್ಟು ಹಿಂಬಾಗಿಲಿಂದ ಓಟ. ಉಳಿದ ಆಟ ಪಕ್ಕದಲ್ಲಿ ನಿಂತವನ ಪಾಲು.

ನಾನು ಅಕೌಂಟೆನ್ಸಿ ಓದುವವಳು, ಹಾಗಾಗಿ ಕಥೆಗಿಂತ ಮೊದಲು ನನಗೆ ಹೊಳೆದದ್ದು ಆ ಅಂಗಡಿಯವರ ಲೆಕ್ಕ. ಅವರು ಮಾರುತ್ತಿದ್ದದ್ದು ಏನು? ಸಮಯವನ್ನು ಅಲ್ಲ. ಸಮಯ ಮಾರಿದ್ದರೆ ಗಂಟೆಗೆ ಇಷ್ಟು ಎಂದು ಬೋರ್ಡ್ ಇರುತ್ತಿತ್ತು, ಸೈಬರ್ ಸೆಂಟರಿನ ಹಾಗೆ. ಅವರು ಮಾರುತ್ತಿದ್ದದ್ದು ಒಂದು ಅವಕಾಶ. ಬೆಲೆ ಒಂದೇ, ಸಿಗುವ ಸಮಯ ಮಾತ್ರ ನಿಮ್ಮ ಕೈಚಳಕದ ಮೇಲೆ. ಹೊಸಬನಿಗೆ ಎರಡು ನಿಮಿಷ, ಮಾಮೂಗೆ ಮುಕ್ಕಾಲು ಗಂಟೆ. ಒಂದು ಆಟ ಸರಾಸರಿ ನಾಲ್ಕು ನಿಮಿಷ ಎಂದು ಇಟ್ಟುಕೊಳ್ಳಿ. ಮಾಮೂ ಒಂದು ರೂಪಾಯಿ ಹಾಕಿ 45 ನಿಮಿಷ ನಿಂತರೆ ಅಂಗಡಿಯವರಿಗೆ ಬರಬೇಕಾದ ಹನ್ನೊಂದು ರೂಪಾಯಿಯಲ್ಲಿ ಹತ್ತು ಹೋಯಿತು. ಅರ್ಥಶಾಸ್ತ್ರದ ಮೇಡಂ ಇದಕ್ಕೆ ಆಪರ್ಚುನಿಟಿ ಕಾಸ್ಟ್ ಎನ್ನುತ್ತಾರೆ. ಅಂಗಡಿಯವರು “ಹಮಾಲಿ ಮಾಡ್ತೀಯೇನೋ ಇಲ್ಲಿ, ಇಳಿ” ಎನ್ನುತ್ತಿದ್ದರಂತೆ. ಪೆಟ್ಟಿಗೆಯೊಳಗಿನ ಬೋರ್ಡಿನಲ್ಲಿ ಆಟವನ್ನು ಕಷ್ಟ ಮಾಡುವ ಸಣ್ಣ ಸ್ವಿಚ್‌ಗಳಿರುತ್ತವೆ, ಒಂದು ದಿನ ಅದನ್ನೂ ತಿರುಗಿಸಿದರಂತೆ. ಮಾಮೂ ಒಂದು ವಾರ ಒದ್ದಾಡಿ ಅದನ್ನೂ ಕಲಿತರು.

ಈ ವ್ಯಾಪಾರ ಶುರುವಾದ ಕಥೆಯೂ ಕಾಮರ್ಸ್‌ನವರು ಕೇಳಬೇಕಾದದ್ದೇ. 1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸನಿವೇಲ್ ಎಂಬ ಊರಿನ ಒಂದು ಪಾನಗೃಹದಲ್ಲಿ ಅಟಾರಿ ಎಂಬ ಹೊಸ ಕಂಪನಿ ‘ಪಾಂಗ್’ ಎಂಬ ಯಂತ್ರವನ್ನು ಪರೀಕ್ಷೆಗೆ ಇಟ್ಟಿತು. ಎರಡು ಗೆರೆ, ಒಂದು ಚುಕ್ಕೆ, ಟೇಬಲ್ ಟೆನಿಸ್ ಇದ್ದ ಹಾಗೆ. ಸ್ವಲ್ಪ ದಿನಕ್ಕೆ ಯಂತ್ರ ಕೆಟ್ಟಿದೆ ಎಂದು ಕರೆ ಬಂತು. ಮಾಡಿದ ಎಂಜಿನಿಯರ್ ಅಲ್ಲನ್ ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಕೆಟ್ಟಿರಲಿಲ್ಲ, ನಾಣ್ಯದ ಡಬ್ಬಿ ತುಂಬಿ ಹೊಸ ನಾಣ್ಯ ಹಿಡಿಸುತ್ತಿರಲಿಲ್ಲ. ಆರು ವರ್ಷದ ನಂತರ, 1978ರಲ್ಲಿ, ಜಪಾನಿನ ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್‌ವೇಡರ್ಸ್’ ಮಾಡಿದರು. ಅದರಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ, ಎದೆ ಬಡಿತವೂ ಹೆಚ್ಚುತ್ತದೆ. ಅದು ಯೋಚಿಸಿ ಮಾಡಿದ್ದಲ್ಲವಂತೆ. ಪರದೆಯ ಮೇಲೆ ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಾಗ ಆ ಕಾಲದ ನಿಧಾನ ಪ್ರೊಸೆಸರ್‌ಗೆ ಭಾರ ಇಳಿದು ತಾನಾಗಿಯೇ ಓಡತೊಡಗಿತು. ನಿಶಿಕಾಡೊ ಅದನ್ನು ಹಾಗೆಯೇ ಬಿಟ್ಟರು.

ದೊಡ್ಡವರ ಭಯವೂ ಆಗಿನಿಂದಲೇ ಇದೆ. ಫಿಲಿಪೀನ್ಸ್‌ನಲ್ಲಿ 1981ರಲ್ಲಿ ಅಧ್ಯಕ್ಷ ಮಾರ್ಕೋಸ್ ವಿಡಿಯೊ ಗೇಮ್‌ಗಳನ್ನೇ ನಿಷೇಧಿಸಿದರು. ಟೆಕ್ಸಾಸ್‌ನ ಮೆಸ್ಕೀಟ್ ಎಂಬ ಊರಿನಲ್ಲಿ 17 ವರ್ಷ ತುಂಬದವರು ಪೋಷಕರಿಲ್ಲದೆ ನಾಣ್ಯದ ಯಂತ್ರ ಮುಟ್ಟುವಂತಿಲ್ಲ ಎಂಬ ನಿಯಮ ಇತ್ತು, ಆ ಜಗಳ 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ನನಗೆ 17 ತುಂಬಿದೆ. ಮೆಸ್ಕೀಟ್‌ನಲ್ಲಿ ನನ್ನನ್ನು ಒಳಗೆ ಬಿಡುತ್ತಿದ್ದರು. ದಾವಣಗೆರೆಯ ಆ ಹಸಿರು ಪರದೆಯ ಒಳಗೆ ಬಿಡುತ್ತಿರಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ನನ್ನ ತಮ್ಮನ ವಿಷಯ. ಅವನು ಆಡುವುದು ‘ಉಚಿತ’ ಗೇಮ್. ಡೌನ್‌ಲೋಡ್‌ಗೆ ಹಣ ಇಲ್ಲ, ನಾಣ್ಯ ಇಲ್ಲ, ಪಾಳಿ ಇಲ್ಲ. ಹೋದ ತಿಂಗಳು ಅಬ್ಬುವಿನ ಯುಪಿಐ ಸ್ಟೇಟ್‌ಮೆಂಟ್ ನೋಡುವ ಕೆಲಸ ನನಗೆ ಬಂತು. ನೋಡಿದೆ. 29 ರೂಪಾಯಿ ಏಳು ಸಲ, 79 ಐದು ಸಲ, 159 ಮೂರು ಸಲ. ಮೂರು ತಿಂಗಳಿಗೆ ಒಟ್ಟು 1,075 ರೂಪಾಯಿ. ಲೆಡ್ಜರ್ ಹಾಕಿ ಅವನ ಮುಂದೆ ಇಟ್ಟೆ. ಅದಕ್ಕೆ ಬಂದದ್ದು ಒಂದು ಜಾಕೆಟ್, ಒಂದು ಬಂದೂಕಿನ ಬಣ್ಣ, ಮತ್ತು ಏನು ಬರುತ್ತದೆ ಎಂದು ತೆರೆದ ಮೇಲಷ್ಟೇ ಗೊತ್ತಾಗುವ ಕೆಲವು ಪೆಟ್ಟಿಗೆಗಳು. ಆಡುವ ಒಂದು ನಿಮಿಷವೂ ಹೆಚ್ಚು ಸಿಗಲಿಲ್ಲ. ಮಾಮೂವಿನ ಕಾಲದಲ್ಲಿ ಅದು 1,075 ಆಟ. (ಆಗಿನ ರೂಪಾಯಿಯೂ ಈಗಿನ ರೂಪಾಯಿಯೂ ಒಂದೇ ಅಲ್ಲ, ಗೊತ್ತು, ಹಣದುಬ್ಬರದ ಪಾಠ ನಾನೂ ಓದಿದ್ದೇನೆ. ಆದರೂ.)

ಇಲ್ಲಿ ನಾನು ಮಾಮೂವಿನ ಪಕ್ಷ. ಆ ಅಂಗಡಿಯವರೂ ಲಾಭಕ್ಕೇ ಕುಳಿತಿದ್ದರು, ಧರ್ಮಕ್ಕಲ್ಲ. ಆದರೆ ಅವರ ಲಾಭ ನಿಮ್ಮ ಕಣ್ಣಿಗೆ ಕಾಣುತ್ತಿತ್ತು. ಜೇಬಿನಲ್ಲಿ ಮೂರು ನಾಣ್ಯ ಇದ್ದರೆ ಮೂರು ಆಟ, ಆಮೇಲೆ ಮನೆ. ಜೇಬು ಖಾಲಿಯಾದದ್ದು ಕೈಗೆ ತಿಳಿಯುತ್ತಿತ್ತು. ತಮ್ಮನ ಆಟದಲ್ಲಿ ಖಾಲಿಯಾಗುವುದು ಯಾವಾಗ ಎಂದು ಅವನಿಗೂ ಗೊತ್ತಿಲ್ಲ, ಅಬ್ಬುವಿಗೂ ಗೊತ್ತಿಲ್ಲ. ಆಟ ಮುಗಿಯುವುದೇ ಇಲ್ಲ, ಸೀಸನ್ ಬದಲಾಗುತ್ತದೆ ಅಷ್ಟೇ. ಹಳೆಯ ‘ಪ್ಯಾಕ್‌ಮ್ಯಾನ್’ಗೂ ಕೊನೆ ಎಂಬುದನ್ನು ಯಾರೂ ಬರೆದಿರಲಿಲ್ಲ. ಆದರೆ ಹಂತ ಎಣಿಸುವ ಜಾಗದಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ, ಹಾಗಾಗಿ 256ನೇ ಹಂತದಲ್ಲಿ ಅರ್ಧ ಪರದೆ ಅಕ್ಷರಗಳ ಕಸವಾಗಿ ಆಟ ಅಲ್ಲಿಗೆ ನಿಲ್ಲುತ್ತದೆ. ಅಷ್ಟು ದೂರ ಹೋದವನೂ ಮನೆಗೆ ಹೋಗಲೇಬೇಕು.

ಪ್ಯಾಕ್‌ಮ್ಯಾನ್ ವಿಷಯ ಬಂತಲ್ಲ. ಅದನ್ನು 1980ರಲ್ಲಿ ಮಾಡಿದ ತೊರು ಇವಾತಾನಿ ಹೇಳಿರುವ ಒಂದು ಮಾತು ಓದಿದ ದಿನದಿಂದ ನನ್ನ ತಲೆಯಲ್ಲಿ ಕೂತಿದೆ. ಆ ಕಾಲದ ಜಪಾನಿನ ಗೇಮ್ ಸೆಂಟರ್‌ಗಳು ಗಂಡಸರ ಜಾಗಗಳಾಗಿದ್ದವು, ಆಟಗಳೆಲ್ಲ ಕೊಲ್ಲುವ, ಸುಡುವ ಆಟಗಳು. ಹೆಂಗಸರೂ ಒಳಗೆ ಬರುವಂಥ ಆಟ ಮಾಡಬೇಕು ಎಂದು ಯೋಚಿಸಿ ಅವರು ತಿನ್ನುವ ಆಟ ಮಾಡಿದರು. ದೆವ್ವಗಳಿಗೂ ಮುದ್ದಾದ ಬಣ್ಣ ಕೊಟ್ಟರು. ಹೆಂಗಸರೆಂದರೆ ತಿನ್ನುವುದು ಎಂದು ಯಾಕೆ ಅಂದುಕೊಂಡರೋ, ಅದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಫೈರ್‌ಲೆಸ್ ಕುಕಿಂಗ್ ಇಟ್ಟವರೂ ಇದೇ ದಾರಿಯಲ್ಲಿ ಯೋಚಿಸಿರಬೇಕು. ಆದರೆ ಬಾಗಿಲಿನ ಒಳಗೆ ಯಾರಿಲ್ಲ ಎಂದು ನೋಡಿ, ಅದನ್ನು ತನ್ನ ಕೆಲಸ ಎಂದುಕೊಂಡರಲ್ಲ, ಅದು ದೊಡ್ಡದು.

ಮಾಮೂವಿನ ಕಥೆಯಲ್ಲಿ ಮಂಜ ಇದ್ದಾನೆ, ಬಸವರಾಜ ಇದ್ದಾನೆ, ಬೀಡಿ ಸೇದುವ ದೊಡ್ಡ ಹುಡುಗರಿದ್ದಾರೆ, ಟ್ಯೂಷನ್ ತಪ್ಪಿಸಿದವರಿದ್ದಾರೆ. ಒಬ್ಬಳೂ ಹುಡುಗಿ ಇಲ್ಲ. ಮಾಮೂ ಎಷ್ಟು ಸಲ ಹೇಳಿದರೂ ಅವರಿಗೆ ಇದು ಗಮನಕ್ಕೆ ಬಂದಿರಲಿಲ್ಲ. ನಾನು ಕೇಳಿದಾಗ “ಹುಡುಗಿಯರು ಅಲ್ಲಿ ಯಾಕೆ ಬರ್ತಾರೆ?” ಎಂದರು. ಆಗ ಅಡುಗೆ ಮನೆಯಿಂದ ಅಮ್ಮಿ ಹೇಳಿದರು, “ನಾನು ಬರ್ತಿದ್ದೆನಲ್ಲ.”

ಬರುತ್ತಿದ್ದರು. ಪರದೆಯವರೆಗೆ. ಊಟಕ್ಕೆ ಅಣ್ಣನನ್ನು ಕರೆದುಕೊಂಡು ಬಾ ಎಂದು ನಾನಿ ಕಳಿಸುತ್ತಿದ್ದದ್ದು ಅಮ್ಮಿಯನ್ನೇ. ಅವರಿಗಾಗ ಹನ್ನೆರಡು ವರ್ಷ. ಹಸಿರು ಪರದೆಯ ಹೊರಗೆ ನಿಂತು “ಭಾಯ್” ಎಂದು ಕೂಗುವುದು, “ಬಂದೆ, ಒಂದು ನಿಮಿಷ” ಎಂದು ಉತ್ತರ ಬರುವುದು, ಆ ಒಂದು ನಿಮಿಷ ಅರ್ಧ ಗಂಟೆಯಾಗುವುದು. ಗಾಳಿಗೆ ಪರದೆ ಹಾರಿದಾಗ ಪೆಟ್ಟಿಗೆಯ ಮೇಲ್ಭಾಗದ ಬೆಳಕು ಕಾಣುತ್ತಿತ್ತು. ಉಳಿದದ್ದೆಲ್ಲ ಶಬ್ದ. ಯಾವ ಹಂತ ನಡೆಯುತ್ತಿದೆ, ಅಣ್ಣ ಎಷ್ಟು ಹೊತ್ತಿಗೆ ಸಾಯುತ್ತಾನೆ ಎಂದು ಶಬ್ದದಿಂದಲೇ ಗೊತ್ತಾಗುತ್ತಿತ್ತು ಎಂದರು ಅಮ್ಮಿ. ಒಂದು ಈದ್‌ಗೆ ತನಗೆ ಬಂದ ಈದಿಯಲ್ಲಿ ಒಂದು ರೂಪಾಯಿಯನ್ನು ಮಾಮೂಗೆ ಕೊಟ್ಟು, ನನ್ನ ಹೆಸರಲ್ಲಿ ಒಂದು ಆಟ ಆಡು, ಹೆಚ್ಚು ಅಂಕ ಬಂದರೆ ನನ್ನ ಮೂರು ಅಕ್ಷರ ಹಾಕು ಎಂದಿದ್ದರಂತೆ. ಆ ಯಂತ್ರಗಳಲ್ಲಿ ಗೆದ್ದವರ ಹೆಸರಿಗೆ ಮೂರೇ ಅಕ್ಷರ.

“ಹಾಕಿದ್ರಾ ಮಾಮೂ?” ಎಂದು ಕೇಳಿದೆ.

ಮಾಮೂ ಚಹಾದ ಕಪ್ ನೋಡಿದರು. ಅವರು ಹಾಕಿದ್ದು ತಮ್ಮದೇ ಮೂರು ಅಕ್ಷರ. ಹೇಗಿದ್ದರೂ ರಾತ್ರಿ ಅಂಗಡಿಯವರು ಮೇನ್ ಸ್ವಿಚ್ ತೆಗೆದರೆ ಹೆಸರುಗಳೆಲ್ಲ ಅಳಿಸಿ ಹೋಗುತ್ತಿದ್ದವು ಎಂದು ಸಮಜಾಯಿಷಿ ಬೇರೆ.

ಹಾಗಾಗಿ ಹಳೆಯ ಗೇಮ್ ಅಂಗಡಿಗಳ ಬಗ್ಗೆ ಯಾರಾದರೂ ಕಣ್ಣು ತುಂಬಿಕೊಂಡು ಮಾತಾಡಿದರೆ ನಾನು ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ಆ ಅಂಗಡಿಗಳು ಇನ್ನು ಬರುವುದಿಲ್ಲ. ಅವು ದೊಡ್ಡದಾಗಿ ಬೆಳೆದ ಜಪಾನಿನಲ್ಲೇ ಕಷ್ಟದಲ್ಲಿವೆ. ಸೆಗಾದಂಥ ದೊಡ್ಡ ಹೆಸರೇ ಕೋವಿಡ್ ಹೊಡೆತದ ನಂತರ 2020ರಲ್ಲಿ ತನ್ನ ಗೇಮ್ ಸೆಂಟರ್‌ಗಳ ಹೆಚ್ಚಿನ ಪಾಲನ್ನು ಗೆಂಡಾ ಎಂಬ ಕಂಪನಿಗೆ ಮಾರಿ, 2022ರಲ್ಲಿ ಉಳಿದದ್ದನ್ನೂ ಕೊಟ್ಟು ಹೊರಬಂತು. ಕ್ಯಾಪ್‌ಕಾಮ್‌ನ ಆ ಕಾಲದ ಕೆಲವು ಬೋರ್ಡ್‌ಗಳಲ್ಲಿ ಒಂದು ಸಣ್ಣ ಬ್ಯಾಟರಿ ಇರುತ್ತದೆ. ನಕಲು ತಡೆಯಲು ಇಟ್ಟ ಗುಪ್ತ ಕೀಲಿ ಆ ಬ್ಯಾಟರಿಯ ಬಲದಲ್ಲಿ ಉಳಿದಿರುತ್ತದೆ. ಬ್ಯಾಟರಿ ಸತ್ತರೆ ಆಟವೂ ಸತ್ತಂತೆ. ಅಂಥವನ್ನು ಹುಡುಕಿ ಉಳಿಸುವವರು ಇದ್ದಾರೆ, ಒಳ್ಳೆಯದು. ನನಗೆ ಬೇಕಾದದ್ದು ಪೆಟ್ಟಿಗೆ ಅಲ್ಲ, ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದ ಆ ಸಾಲು. ಒಂದೇ ಪರದೆ, ಎಲ್ಲರೂ ನೋಡಬಹುದು. ಆಡುವವನ ಪಕ್ಕ ನಿಂತವನು “ಎಡಕ್ಕೆ, ಎಡಕ್ಕೆ” ಎನ್ನಬಹುದು. ಸೋತರೆ ಪಕ್ಕಕ್ಕೆ ಸರಿದು ಇನ್ನೊಬ್ಬರಿಗೆ ಜಾಗ ಬಿಡಲೇಬೇಕು. 1991ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ 2’ರಲ್ಲಂತೂ ಎದುರಾಳಿ ಪಕ್ಕದಲ್ಲೇ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಿದ್ದ, ಸೋತವನು ಇನ್ನೊಂದು ನಾಣ್ಯ ಹಾಕಬೇಕು, ಗೆದ್ದವನು ನಿಲ್ಲುತ್ತಾನೆ. ಬೈಯಬೇಕಾದರೂ ಮುಖ ನೋಡಿ ಬೈಯಬೇಕು. ನಮ್ಮ ಫೆಸ್ಟ್‌ನ ಆ ಹಾಲ್‌ನಲ್ಲಿ ಇದು ಯಾವುದೂ ಇರಲಿಲ್ಲ. ಆದರೆ ಆ ಸಾಲಿನಲ್ಲಿ ಈ ಸಲ ಅಮ್ಮಿಯಂಥವರೂ ಇರಬೇಕು.

ಇದನ್ನು ಪ್ರಿನ್ಸಿಪಾಲ್ ಸರ್‌ಗೆ ಹೇಳಿದೆ. “ಒಳ್ಳೆಯ ವಿಚಾರ, ಬರೆದು ಕೊಡಮ್ಮಾ” ಎಂದರು. ಬರೆದು ಕೊಡುತ್ತಿದ್ದೇನೆ ಸರ್, ಎಲ್ಲರೂ ಓದುವ ಹಾಗೆ.

ಮುಂದಿನ ಫೆಸ್ಟ್‌ನಲ್ಲಿ ಒಂದು ಸ್ಟಾಲ್ ಸಾಕು. ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಹಳೆಯ ಕಂಪ್ಯೂಟರ್ ಒಂದಿದೆ, ಅದಕ್ಕೆ ಎರಡು ಜಾಯ್‌ಸ್ಟಿಕ್ ಬೇಕು. ಪ್ಲೈವುಡ್ ಪೆಟ್ಟಿಗೆ ಮಾಡಿಕೊಡಲು ನನ್ನ ಗೆಳತಿಯ ತಂದೆ ಒಪ್ಪಿದ್ದಾರೆ. ಮುಸ್ತಫಾ ಹಾಕುವ ಹಾಗಿಲ್ಲ, ಅದು ಕ್ಯಾಪ್‌ಕಾಮ್‌ನ ಸ್ವತ್ತು, ಟಿಕೆಟ್ ಇಟ್ಟು ನಕಲು ಆಡಿಸಿದರೆ ಬಿಸಿನೆಸ್ ಸ್ಟಡೀಸ್ ಸರ್ ನನ್ನನ್ನು ಬಿಡುವುದಿಲ್ಲ. ನಮ್ಮ ಸಿಇಬಿಎ ವಿಭಾಗದಲ್ಲಿ ಪೈಥಾನ್ ಕಲಿಯುತ್ತಿದ್ದೇವಲ್ಲ, ಒಂದು ಸಣ್ಣ ಆಟ ನಾವೇ ಬರೆಯೋಣ. ಟೋಕನ್‌ಗೆ ಐದು ರೂಪಾಯಿ. ಆಟಕ್ಕೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಆರು ಗಂಟೆಗೆ 90 ಆಟ, 450 ರೂಪಾಯಿ. ಪ್ಲೈವುಡ್ ಖರ್ಚು ಕೂಡ ಹುಟ್ಟುವುದಿಲ್ಲ ಎಂದು ಖಜಾಂಚಿ ಹೇಳುತ್ತಾನೆ. ಹುಟ್ಟದಿರಲಿ. ಸ್ಟಾಲ್ ನೆಲಮಹಡಿಯಲ್ಲಿ, ಎಲ್ಲರೂ ಓಡಾಡುವ ಕಡೆ ಇರಲಿ. ಹುಡುಗರಿಗೆ ಒಂದು ಹೊತ್ತು, ಹುಡುಗಿಯರಿಗೆ ಒಂದು ಹೊತ್ತು ಎಂದು ಬೇರೆ ಮಾಡುವುದಾದರೂ ಸರಿ, ನಾನು ಜಗಳ ಮಾಡುವುದಿಲ್ಲ. ಆದರೆ ಅದೇ ಸಮಯಕ್ಕೆ ಮೇಲೆ ಮೆಹಂದಿ ಇಡಬೇಡಿ. ಗೆದ್ದವರ ಪಟ್ಟಿಯನ್ನು ರಾತ್ರಿ ಅಳಿಸದೆ ನೋಟಿಸ್ ಬೋರ್ಡ್‌ಗೆ ಹಾಕಿ, ಮೂರು ಅಕ್ಷರವಲ್ಲ, ಪೂರ್ತಿ ಹೆಸರು.

ಕೊನೆಗೆ ಒಂದು ವಿಷಯ. ಆ ರಾತ್ರಿ ಮಾಮೂ ಹೋದ ಮೇಲೆ ತಮ್ಮ ತನ್ನ ಲ್ಯಾಪ್‌ಟಾಪ್‌ನಲ್ಲಿ ಮುಸ್ತಫಾ ಹುಡುಕಿ ಹಾಕಿದ. (ಅದು ನಕಲೇ. ಟಿಕೆಟ್ ಇಡಲಿಲ್ಲ, ಅಷ್ಟೇ ನಮ್ಮ ಪ್ರಾಮಾಣಿಕತೆ.) ಹಳೆಯ ಆಟಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಸಾಫ್ಟ್‌ವೇರ್‌ನಲ್ಲಿ ನಾಣ್ಯದ ಬದಲು ಕೀಬೋರ್ಡಿನ 5 ಒತ್ತಬೇಕು. ತಮ್ಮ ಟಕಟಕ ಎಂದು ಒತ್ತಿ ಒಂಬತ್ತು ನಾಣ್ಯ ತುಂಬಿಸಿದ. ಹತ್ತು ನಿಮಿಷ ಆಡಿದ, ಸತ್ತಾಗೆಲ್ಲ ಮತ್ತೆ ಒತ್ತಿದ, ಬೋರ್ ಎಂದು ಎದ್ದು ಹೋದ.

ಅಮ್ಮಿ ಕೈ ಒರೆಸಿಕೊಂಡು ಬಂದು ಕುಳಿತರು. ನಾಣ್ಯ ಯಾವುದು ಎಂದು ಕೇಳಿದರು. ತೋರಿಸಿದೆ. ಆಟವನ್ನು ಮೊದಲಿನಿಂದ ಶುರು ಮಾಡಿಸಿ ಒಂದೇ ಸಲ ಒತ್ತಿದರು. ನಾಲ್ವರಲ್ಲಿ ಯಾರು ಬೇಕು ಎಂದು ಪರದೆ ಕೇಳಿದಾಗ ಮುಸ್ತಫಾನನ್ನು ದಾಟಿ ಹ್ಯಾನಾಳನ್ನು ಆರಿಸಿದರು. ಮೂರು ನಿಮಿಷ, ಬಹಳ ಆದರೆ ನಾಲ್ಕು. ಬಾಣದ ಕೀಲಿ ಹಿಡಿದ ಬೆರಳು ಬಿಳಿಚಿಕೊಂಡಿತ್ತು. ಶತ್ರು ಎಡದಿಂದ ಬರುವ ಮೊದಲೇ ಶಬ್ದ ಕೇಳಿ ಆ ಕಡೆ ತಿರುಗುತ್ತಿದ್ದರು. ಆಮೇಲೆ ಸತ್ತರು. ಪರದೆಯ ಮೇಲೆ ಒಂಬತ್ತು, ಎಂಟು, ಏಳು ಎಂದು ಎಣಿಕೆ ಇಳಿಯತೊಡಗಿತು.

“ಅಮ್ಮಿ, ಬೇಗ 5 ಒತ್ತಿ, ಮುಂದುವರಿಯುತ್ತೆ” ಎಂದೆ.

“ನಕ್ಕೊ ಬೇಟಾ,” ಎಂದರು, “ಏಕಿಚ್ ರುಪಯಾ ಥಾ.” ಇದ್ದದ್ದು ಒಂದೇ ರೂಪಾಯಿ. ಕುಕ್ಕರ್ ನೋಡಲು ಎದ್ದು ಹೋದರು.